ಎಷ್ಟು ಅಳಿಸಿದರೂ ಸಿ ಡ್ರೈವ್‌ನಲ್ಲಿ ಜಾಗ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನದು 256 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್, ವಿಂಡೋಸ್ 11. ಸಿ ಡ್ರೈವ್‌ನ ಪಟ್ಟಿ ಕೆಂಪಗಾಗಿದೆ, ಉಳಿದಿರುವುದು 3 ಜಿಬಿ. ಎರಡು ದಿನ ಕೂತು ಸುಮಾರು 3,000 ಹಳೆಯ ಫೋಟೋ ಅಳಿಸಿದೆ, ಜಾಗ ಒಂದಿಷ್ಟೂ ಹೆಚ್ಚಾಗಲಿಲ್ಲ. ಟೆಂಪ್ ಫೈಲ್ ತೆಗೆದಾಗ ಸಿಕ್ಕ 2 ಜಿಬಿ ವಾರದೊಳಗೆ ಮತ್ತೆ ತುಂಬಿಹೋಯಿತು. 256 ಅಂತ ಕೊಂಡ ಡ್ರೈವ್ 238 ಅಂತ ತೋರಿಸುತ್ತದೆ, ಅದೂ ಅರ್ಥವಾಗಿಲ್ಲ. ಒಬ್ಬರು ಕ್ಲೀನರ್ ಸಾಫ್ಟ್‌ವೇರ್ ಹಾಕು ಅಂದರು, ಇನ್ನೊಬ್ಬರು ವಿಂಡೋಸ್ ಒಳಗಿರುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಅಳಿಸು ಅಂದರು, ಮತ್ತೊಬ್ಬರು ಫಾರ್ಮ್ಯಾಟ್ ಮಾಡು ಅಂದರು. ವೈರಸ್ ಏನಾದರೂ ಇರಬಹುದಾ?

ಉತ್ತರ: ಮೊದಲು ಒಂದು ಕೆಲಸ ಮಾಡಿ, ಮುಂದಿನದನ್ನು ಆಮೇಲೆ ಓದಿ. ರೀಸೈಕಲ್ ಬಿನ್ ತೆರೆದು ನೋಡಿ. ನಿಮ್ಮ 3,000 ಫೋಟೋಗಳು ಬಹುಶಃ ಅಲ್ಲೇ ಕೂತಿವೆ. ಬಿನ್‌ಗೆ ಹೋದ ಫೈಲ್ ಡಿಸ್ಕ್‌ನಿಂದ ಹೋಗಿರುವುದಿಲ್ಲ. ಅದೇ ಡ್ರೈವ್‌ನ ಒಂದು ಮರೆಯಾದ ಫೋಲ್ಡರ್‌ನಲ್ಲಿ ಅಷ್ಟೇ ಜಾಗ ಹಿಡಿದುಕೊಂಡು ಇರುತ್ತದೆ. ಎರಡು ದಿನ ಕಷ್ಟಪಟ್ಟರೂ ಜಾಗ ಹೆಚ್ಚಾಗದೇ ಇದ್ದದ್ದಕ್ಕೆ ಕಾರಣ ಇದೇ ಇರಬೇಕು.

ಆದರೆ ಬಿನ್ ಖಾಲಿ ಮಾಡಬೇಡಿ. ಫೋಟೋಗಳನ್ನೆಲ್ಲ ಆರಿಸಿ, ರೈಟ್ ಕ್ಲಿಕ್ ಮಾಡಿ, ರಿಸ್ಟೋರ್ ಕೊಡಿ. ಅವು ಈಗಾಗಲೇ ಡಿಸ್ಕ್ ಮೇಲೇ ಇರುವುದರಿಂದ ವಾಪಸ್ ತರಲು ಹೊಸದಾಗಿ ಜಾಗ ಬೇಕಾಗುವುದಿಲ್ಲ. ಬಿನ್‌ಗೂ ಒಂದು ಮಿತಿ ಇದೆ, ಅದು ಮೀರಿದರೆ ಹಳೆಯವು ತಾವಾಗಿಯೇ ಹೋಗುತ್ತವೆ. ಹಾಗಾಗಿ ತಡ ಮಾಡಬೇಡಿ. ನಿಮ್ಮ ಪಿಕ್ಚರ್ಸ್ ಫೋಲ್ಡರ್ ಒನ್‌ಡ್ರೈವ್ ಜೊತೆ ಜೋಡಣೆಯಾಗಿದ್ದರೆ ಇನ್ನೊಂದು ವಿಷಯ ಗಮನಿಸಿ. ಇಲ್ಲಿ ಅಳಿಸಿದ್ದು ಕ್ಲೌಡ್‌ನಿಂದಲೂ ಅಳಿಸಿಹೋಗುತ್ತದೆ. ವೈಯಕ್ತಿಕ ಖಾತೆಯಾದರೆ ಒನ್‌ಡ್ರೈವ್ ವೆಬ್‌ಸೈಟಿನ ರೀಸೈಕಲ್ ಬಿನ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಅದನ್ನೂ ಇವತ್ತೇ ನೋಡಿಬಿಡಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಡ್ರೈವ್ ತುಂಬಿದಾಗ ಎಲ್ಲರೂ ಮೊದಲು ಕೈ ಹಾಕುವುದು ಫೋಟೋಗಳಿಗೇ, ಏಕೆಂದರೆ ಕಣ್ಣಿಗೆ ಕಾಣುವುದು ಅವೇ. ಆದರೆ ಫೋನಿನಲ್ಲಿ ತೆಗೆದ ಒಂದು ಫೋಟೋ ಸಾಮಾನ್ಯವಾಗಿ 3-5 ಎಂಬಿ. ಸಾವಿರ ಫೋಟೋ ಕಳೆದುಕೊಂಡರೂ ಸಿಗುವುದು ನಾಲ್ಕೈದು ಜಿಬಿ. ಅದೇ ಹೊತ್ತಿನಲ್ಲಿ, ಯಾರಿಗೂ ಬೇಡವಾದ 20 ಜಿಬಿ ಫೋಲ್ಡರ್ ಒಂದು ಅದೇ ಡ್ರೈವ್‌ನಲ್ಲಿ ಹಾಯಾಗಿ ಮಲಗಿರುತ್ತದೆ. ಡ್ರೈವ್ ತುಂಬುವುದು ಸಾಮಾನ್ಯವಾಗಿ ಐದಾರು ದೊಡ್ಡ ವಸ್ತುಗಳಿಂದ. ಅವು ಯಾವುವು ಅಂತ ಗೊತ್ತಾಗುವ ತನಕ ಏನನ್ನೂ ಅಳಿಸಬೇಡಿ.

238ರ ವಿಷಯ ಬೇಗ ಹೇಳಿಬಿಡುತ್ತೇನೆ. ನಿಮ್ಮ ಜಾಗವನ್ನು ಯಾರೂ ಕದ್ದಿಲ್ಲ. ಡ್ರೈವ್ ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ: 1 ಜಿಬಿ ಅಂದರೆ 100 ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ: 1 ಜಿಬಿ ಅಂದರೆ 107 ಕೋಟಿಗೂ ಜಾಸ್ತಿ ಬೈಟ್. ಅದೇ 25,600 ಕೋಟಿ ಬೈಟನ್ನು ದೊಡ್ಡ ಸೇರಿನಲ್ಲಿ ಅಳೆದರೆ 238 ಬರುತ್ತದೆ. 512 ಜಿಬಿ ಡ್ರೈವ್ 476 ಅಂತ, 1 ಟಿಬಿ ಡ್ರೈವ್ 931 ಅಂತ ಕಾಣುವುದೂ ಇದಕ್ಕೇ. ಆಪಲ್‌ನವರು 2009ರಿಂದ ಮ್ಯಾಕ್‌ನಲ್ಲಿ ಸಾವಿರದ ಲೆಕ್ಕಕ್ಕೇ ಬಂದುಬಿಟ್ಟರು, ಅಲ್ಲಿ ಈ ಗೊಂದಲ ಇಲ್ಲ.

ಈಗ ಅಳತೆಗೆ ಬರೋಣ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರಲ್ಲಿ ಸ್ಟೋರೇಜ್ ಒತ್ತಿ. ಒಂದು ನಿಮಿಷ ಕಾಯಿರಿ. ಆ್ಯಪ್‌ಗಳು ಎಷ್ಟು, ಟೆಂಪರರಿ ಫೈಲ್ ಎಷ್ಟು, ಸಿಸ್ಟಮ್ ಎಷ್ಟು ಅಂತ ಪಟ್ಟಿ ಬರುತ್ತದೆ. ಇದು ಒಟ್ಟು ನೋಟ. ಒಳಗಿನ ಚಿತ್ರ ಬೇಕಾದರೆ ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಅಂತ ತೋರಿಸುವ ವಿಜ್‌ಟ್ರೀ ಅಥವಾ ವಿನ್‌ಡರ್‌ಸ್ಟ್ಯಾಟ್ ಹಾಕಿಕೊಳ್ಳಿ. ಎರಡೂ ಮನೆ ಬಳಕೆಗೆ ಉಚಿತ. ಅವುಗಳ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ.

ನನಗೆ ವಿಜ್‌ಟ್ರೀ ಇಷ್ಟ, ಕಾರಣ ವೇಗ. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಇರುವ ಡ್ರೈವ್‌ನಲ್ಲಿ ಪ್ರತಿ ಫೈಲಿನ ಹೆಸರು, ಗಾತ್ರ, ಜಾಗ ಎಲ್ಲ ಬರೆದಿಟ್ಟ ಒಂದು ಕೋಷ್ಟಕ ಇರುತ್ತದೆ. ಮಾಸ್ಟರ್ ಫೈಲ್ ಟೇಬಲ್ ಅಂತ ಅದರ ಹೆಸರು. ವಿಜ್‌ಟ್ರೀ ಫೋಲ್ಡರ್‌ಗಳನ್ನು ಒಂದೊಂದಾಗಿ ಹೊಕ್ಕು ನೋಡುವುದಿಲ್ಲ. ಪುಸ್ತಕದ ಪರಿವಿಡಿ ಓದಿದ ಹಾಗೆ ಆ ಕೋಷ್ಟಕವನ್ನೇ ನೇರವಾಗಿ ಓದುತ್ತದೆ. ಅದಕ್ಕೇ ಕೆಲವೇ ಸೆಕೆಂಡಿನಲ್ಲಿ ಇಡೀ ಡ್ರೈವ್ ಮುಂದೆ ನಿಲ್ಲುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಇಲ್ಲದಿದ್ದರೆ ಈ ದಾರಿ ಸಿಗುವುದಿಲ್ಲ. ಮೇಲೆ ಫೋಲ್ಡರ್‌ಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬರುತ್ತವೆ. ಕೆಳಗೆ ಬಣ್ಣಬಣ್ಣದ ಚೌಕಗಳು, ಫೈಲ್ ಎಷ್ಟು ದೊಡ್ಡದೋ ಚೌಕ ಅಷ್ಟು ದೊಡ್ಡದು.

ಕಳೆದ ವರ್ಷ ನನ್ನ ಅಕ್ಕನ ಲ್ಯಾಪ್‌ಟಾಪ್‌ಗೂ ನಿಮ್ಮದೇ ಸ್ಥಿತಿ ಬಂದಿತ್ತು. ಮೂರು ಸಂಜೆ ಕೂತು ಮಗಳ ಚಿಕ್ಕಂದಿನ ವಿಡಿಯೋಗಳಲ್ಲಿ ಯಾವುದನ್ನು ಉಳಿಸಲಿ, ಯಾವುದನ್ನು ಬಿಡಲಿ ಅಂತ ಒದ್ದಾಡಿದ್ದಳು. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಒಂದಷ್ಟು ಅಳಿಸಿ 4 ಜಿಬಿ ಗಿಟ್ಟಿಸಿದ್ದಳು. ಪಕ್ಕದಲ್ಲಿ ಕೂತು ವಿಜ್‌ಟ್ರೀ ತೆರೆದೆ. ಪರದೆಯ ಎಡಗಡೆ ಕಾಲುಭಾಗ ಒಂದೇ ಬಣ್ಣದ ಸಣ್ಣ ಸಣ್ಣ ಚೌಕಗಳು. ಮೇಲೆ ಮೌಸ್ ಇಟ್ಟರೆ ಮೊಬೈಲ್‌ಸಿಂಕ್ ಅನ್ನುವ ಫೋಲ್ಡರ್, 61 ಜಿಬಿ. ಅವಳು ಯಾವತ್ತೋ ಮಾರಿಬಿಟ್ಟಿದ್ದ ಐಫೋನಿನ ಬ್ಯಾಕಪ್ ಅದು. ಅದರಲ್ಲಿದ್ದದ್ದೆಲ್ಲ ಹೊಸ ಫೋನಿಗೆ ಆಗಲೇ ಬಂದಿತ್ತು. ಫೋನ್ ಕೈಬಿಟ್ಟು ಹೋಗಿತ್ತು, ಅದರ ನೆರಳು ಮಾತ್ರ ಲ್ಯಾಪ್‌ಟಾಪ್‌ನಲ್ಲಿ ಉಳಿದಿತ್ತು. ಅಕ್ಕ ಸುಮ್ನೆ ಪರದೆ ನೋಡುತ್ತಾ ಕೂತುಬಿಟ್ಟಳು. ಅಳಿಸಿದ ವಿಡಿಯೋಗಳು ಮಾತ್ರ ವಾಪಸ್ ಬರಲಿಲ್ಲ, ಬಿನ್ ಖಾಲಿ ಮಾಡಿಯಾಗಿತ್ತು. ನಿಮ್ಮ ಪತ್ರದಲ್ಲಿ 3,000 ಫೋಟೋ ಅಂತ ಓದಿದ ತಕ್ಷಣ ನನಗೆ ನೆನಪಾದದ್ದು ಅದೇ.

ಬಿನ್ ಖಾಲಿ ಮಾಡಿದ ಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆಯಬಹುದಲ್ಲ ಅಂತ ಕೇಳುವವರಿದ್ದಾರೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಆ ಆಸೆ ಇರುತ್ತಿತ್ತು. ಫೈಲ್ ಅಳಿಸಿದರೆ ವಿಳಾಸ ಮಾತ್ರ ಹೋಗುತ್ತಿತ್ತು, ಅದರ ಮೇಲೆ ಬೇರೇನಾದರೂ ಬರೆಯುವ ತನಕ ಒಳಗಿನದು ಹಾಗೇ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫೈಲ್ ಹೋದ ತಕ್ಷಣ ವಿಂಡೋಸ್ ಟ್ರಿಮ್ ಅನ್ನುವ ಸೂಚನೆ ಕಳಿಸುತ್ತದೆ, ಈ ಜಾಗ ಇನ್ನು ಬೇಡ ಅಂತ. ಡ್ರೈವ್ ತನ್ನ ಬಿಡುವಿನಲ್ಲಿ ಅದನ್ನು ನಿಜವಾಗಿಯೂ ಒರೆಸಿಬಿಡುತ್ತದೆ. ಆಮೇಲೆ ಹುಡುಕಿದರೆ ಸಿಗುವುದು ಬಹುತೇಕ ಬರೀ ಸೊನ್ನೆ.

ಸರಿ, ಆ ದೊಡ್ಡ ವಸ್ತುಗಳು ಎಲ್ಲೆಲ್ಲಿ ಸಿಗುತ್ತವೆ?

ವಿಂಡೋಸ್ ಇತ್ತೀಚೆಗೆ ದೊಡ್ಡ ಅಪ್‌ಡೇಟ್ ಪಡೆದಿದ್ದರೆ ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರ್ ಕಾಣುತ್ತದೆ. ಹಳೆಯ ಆವೃತ್ತಿಗೆ ಮರಳಬೇಕಾದರೆ ಇರಲಿ ಅಂತ ಇಟ್ಟದ್ದು ಅದು. ಸಾಮಾನ್ಯವಾಗಿ 10 ದಿನದ ಮೇಲೆ ತಾನೇ ಹೋಗುತ್ತದೆ. ಹೊಸ ಆವೃತ್ತಿ ಸರಿಯಾಗಿ ನಡೆಯುತ್ತಿದ್ದರೆ ಈಗಲೇ ತೆಗೆಯಬಹುದು. ತೊಂದರೆ ಕೊಡುತ್ತಿದ್ದರೆ ಮುಟ್ಟಬೇಡಿ, ವಾಪಸ್ ಹೋಗುವ ಬಾಗಿಲು ಅದೊಂದೇ. ಎಕ್ಸ್‌ಪ್ಲೋರರ್‌ನಲ್ಲಿ ಡಿಲೀಟ್ ಒತ್ತಿದರೆ ಅನುಮತಿ ಇಲ್ಲ ಅನ್ನುತ್ತದೆ. ಸ್ಟೋರೇಜ್ ಪುಟದಲ್ಲಿ ಟೆಂಪರರಿ ಫೈಲ್ಸ್ ಒತ್ತಿದರೆ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್ ಅಂತ ಇರುತ್ತದೆ, ಅದಕ್ಕೆ ಗುರುತು ಹಾಕಿ. ಅದೇ ಪಟ್ಟಿಯಲ್ಲಿ ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್ ಫೈಲ್ಸ್ ಕೂಡ ಕಾಣಬಹುದು. ಎರಡನ್ನೂ ನಿಶ್ಚಿಂತೆಯಿಂದ ತೆಗೆಯಿರಿ. ಆದರೆ ಅಲ್ಲೇ ಡೌನ್‌ಲೋಡ್ಸ್ ಅಂತ ಒಂದು ಸಾಲು ಇರುತ್ತದೆ. ಅದು ನಿಮ್ಮ ಡೌನ್‌ಲೋಡ್ಸ್ ಫೋಲ್ಡರೇ! ಟೆಂಪರರಿ ಅಂತ ಮೇಲೆ ಬರೆದಿದೆಯಲ್ಲ ಅಂತ ಗುರುತು ಹಾಕಿ ಮಾರ್ಕ್ಸ್ ಕಾರ್ಡ್, ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕಳೆದುಕೊಳ್ಳಬೇಡಿ. ಅದನ್ನು ಕೈಯಾರೆ, ಒಂದೊಂದಾಗಿ ನೋಡಿಯೇ ತೆಗೆಯಬೇಕು.

ಇನ್ನೊಂದು ದೊಡ್ಡದು ಹೈಬರ್‌ಫಿಲ್ ಅನ್ನುವ ಫೈಲ್. ಲ್ಯಾಪ್‌ಟಾಪ್ ಹೈಬರ್ನೇಟ್ ಆಗುವಾಗ, ಅಂದರೆ ತೆರೆದ ಕೆಲಸ ಉಳಿಸಿಕೊಂಡು ಪೂರ್ತಿ ಆಫ್ ಆಗುವಾಗ, ರ್‍ಯಾಮ್‌ನಲ್ಲಿ ಇರುವುದನ್ನು ಬರೆದಿಡುವ ಜಾಗ ಇದು. ಸಾಮಾನ್ಯವಾಗಿ ರ್‍ಯಾಮ್‌ನ ಶೇ. 40ರಷ್ಟು, ಅಂದರೆ 16 ಜಿಬಿ ರ್‍ಯಾಮ್ ಇದ್ದರೆ ಆರು ಜಿಬಿ ಮೇಲೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಸ್ಪೇಸ್, ಓರೆಗೆರೆ (/) ಎಚ್, ಸ್ಪೇಸ್, ಆಫ್ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಅದು ಹೋಗುತ್ತದೆ. ಮಾಡಬೇಕಾ? ಸದಾ ಕರೆಂಟಿಗೆ ಸಿಕ್ಕಿಸಿರುವ ಡೆಸ್ಕ್‌ಟಾಪ್ ಆದರೆ ಧಾರಾಳವಾಗಿ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ನಾನು ಬೇಡ ಅನ್ನುತ್ತೇನೆ. ಮುಚ್ಚಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ ಪೂರ್ತಿ ಇಳಿಯುವ ಹೊತ್ತಿಗೆ ನಿಮ್ಮ ತೆರೆದ ಕೆಲಸವನ್ನು ಉಳಿಸುವುದು ಇದೇ ಫೈಲ್. ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಇದರ ಮೇಲೇ ನಿಂತಿದೆ. ಪಕ್ಕದಲ್ಲೇ ಪೇಜ್‌ಫೈಲ್ ಅಂತ ಇನ್ನೊಂದು ಕಾಣುತ್ತದೆ. ರ್‍ಯಾಮ್ ಸಾಲದಾದಾಗ ಬಳಸುವ ಜಾಗ ಅದು. ಅದರ ತಂಟೆಗೆ ಹೋಗಬೇಡಿ.

ನನ್ನ ಅನುಭವದಲ್ಲಿ ಅತಿ ದೊಡ್ಡ ನಿಧಿ ಇರುವುದು ಆ್ಯಪ್‌ಡೇಟಾ ಎಂಬ ಫೋಲ್ಡರ್‌ನಲ್ಲಿ. ನಿಮ್ಮ ಹೆಸರಿನ ಯೂಸರ್ ಫೋಲ್ಡರ್ ಒಳಗೆ ಇರುತ್ತದೆ, ಸಾಮಾನ್ಯವಾಗಿ ಮರೆಯಾಗಿರುತ್ತದೆ. ಪ್ರತಿಯೊಂದು ಪ್ರೋಗ್ರಾಂ ತನ್ನ ಸಾಮಾನು ಇಡುವುದು ಅಲ್ಲೇ. ಟೆಲಿಗ್ರಾಂ, ವಾಟ್ಸ್‌ಆ್ಯಪ್ ಡೆಸ್ಕ್‌ಟಾಪ್‌ಗಳು ಇಳಿಸಿಕೊಂಡ ವಿಡಿಯೋ, ಬ್ರೌಸರ್‌ನ ಕ್ಯಾಶ್ (ಮತ್ತೆ ಬೇಗ ತೆರೆಯಲಿ ಅಂತ ಇಟ್ಟುಕೊಂಡ ಪ್ರತಿಗಳು), ವಿಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ ಮಾಡಿಟ್ಟ ಮೀಡಿಯಾ ಕ್ಯಾಶ್, ಫೋನ್ ಬ್ಯಾಕಪ್. ಇಲ್ಲಿ ಒಂದು ನಿಯಮ ಪಾಲಿಸಿ: ಎಲ್ಲಿದೆ ಅಂತ ವಿಜ್‌ಟ್ರೀಯಲ್ಲಿ ನೋಡಿ, ಆದರೆ ಅಳಿಸುವುದು ಆಯಾ ಪ್ರೋಗ್ರಾಂ ಒಳಗಿಂದಲೇ. ಟೆಲಿಗ್ರಾಂನಲ್ಲಿ ಸೆಟ್ಟಿಂಗ್ಸ್ ಒಳಗೆ ಅಡ್ವಾನ್ಸ್ಡ್, ಅದರಲ್ಲಿ ಮ್ಯಾನೇಜ್ ಲೋಕಲ್ ಸ್ಟೋರೇಜ್ ಇದೆ. ಕ್ಯಾಶ್ ಎಷ್ಟಕ್ಕಿಂತ ಜಾಸ್ತಿ ಆಗಬಾರದು ಅಂತ ಅಲ್ಲೇ ಮಿತಿ ಹಾಕಬಹುದು. ಐಫೋನ್ ಬ್ಯಾಕಪ್ ಆದರೆ ಐಟ್ಯೂನ್ಸ್ ಅಥವಾ ಆಪಲ್ ಡಿವೈಸಸ್ ಆ್ಯಪ್‌ನಲ್ಲಿ ಬ್ಯಾಕಪ್‌ಗಳ ಪಟ್ಟಿ ಇರುತ್ತದೆ, ಯಾವ ಫೋನಿನದು, ಯಾವ ದಿನದ್ದು ಅಂತ ಓದಿ ತೆಗೆಯಿರಿ. ಫೋಲ್ಡರನ್ನೇ ಕಿತ್ತುಹಾಕಿದರೆ ಲಾಗಿನ್ ಹೋಗಬಹುದು, ಸೆಟ್ಟಿಂಗ್ ಹೋಗಬಹುದು, ಪ್ರೋಗ್ರಾಂ ತೆರೆಯದೇ ಇರಬಹುದು.

ಕ್ಯಾಶ್ ವಿಷಯ ಬಂದಿದ್ದರಿಂದ ನಿಮ್ಮ ಆ 2 ಜಿಬಿ ಬಗ್ಗೆ ಹೇಳುತ್ತೇನೆ. ಅದು ವಾರದಲ್ಲಿ ತುಂಬಿದ್ದಕ್ಕೆ ವೈರಸ್ ಬೇಕಿಲ್ಲ. ಬ್ರೌಸರ್ ಕ್ಯಾಶ್, ಟೆಂಪ್ ಫೈಲ್ ಇರುವುದೇ ತುಂಬುವುದಕ್ಕೆ. ಖಾಲಿ ಮಾಡಿದರೆ ಮರುದಿನದಿಂದ ಮತ್ತೆ ಶೇಖರವಾಗುತ್ತದೆ, ಮೊದಲ ಒಂದೆರಡು ದಿನ ವೆಬ್‌ಸೈಟುಗಳು ನಿಧಾನ ಬೇರೆ ಆಗುತ್ತವೆ. ತುರ್ತಿಗೆ ಒಂದು ಸಲ ಸರಿ, ಪ್ರತಿ ವಾರ ಅದನ್ನೇ ಮಾಡುತ್ತಿದ್ದರೆ ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ. ಅನುಮಾನಕ್ಕೆ ಎಡೆ ಬೇಡ ಅಂದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಒಂದು ಫುಲ್ ಸ್ಕ್ಯಾನ್ ಹಾಕಿ. ಅದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿದೆ: ಇವತ್ತು ವಿಜ್‌ಟ್ರೀ ಪರದೆಯ ಫೋಟೋ ತೆಗೆದಿಡಿ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ನೋಡಿ. ಯಾವುದು ಬೆಳೆದಿದೆ ಅಂತ ಅದೇ ಹೇಳುತ್ತದೆ. ಕೆಲವು ಸಲ ಯಾವುದೋ ಪ್ರೋಗ್ರಾಂ ಕೆಟ್ಟು, ಒಂದೇ ತಪ್ಪನ್ನು ಸೆಕೆಂಡಿಗೆ ಹತ್ತು ಸಲ ಲಾಗ್ ಫೈಲಿಗೆ ಬರೆಯುತ್ತಾ ಜಿಬಿಗಟ್ಟಲೆ ತುಂಬಿಸುತ್ತಿರುತ್ತದೆ. ಅಂಥದ್ದು ಸಿಕ್ಕರೆ ಲಾಗ್ ಅಳಿಸಿ ಪ್ರಯೋಜನವಿಲ್ಲ, ಆ ಪ್ರೋಗ್ರಾಂ ಸರಿ ಮಾಡಬೇಕು, ಇಲ್ಲ ತೆಗೆಯಬೇಕು.

ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ವಿನ್‌ಎಸ್‌ಎಕ್ಸ್‌ಎಸ್, ಅಂದರೆ ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಟ್ಟುಕೊಳ್ಳುವ ಫೋಲ್ಡರ್, ಅಳಿಸುವುದು. ದಯವಿಟ್ಟು ಬೇಡ. ಎಕ್ಸ್‌ಪ್ಲೋರರ್‌ನಲ್ಲಿ ಅದರ ಗಾತ್ರ ನೋಡಿದರೆ ಯಾರಿಗಾದರೂ ಕೈ ತುರಿಸುತ್ತದೆ, ಒಪ್ಪುತ್ತೇನೆ. ಆದರೆ ಆ ಅಂಕಿ ಪೂರ್ತಿ ನಿಜವಲ್ಲ. ವಿಂಡೋಸ್‌ನ ಎಷ್ಟೋ ಫೈಲುಗಳು ಡಿಸ್ಕ್‌ನಲ್ಲಿ ಇರುವುದು ಒಂದೇ ಪ್ರತಿ, ಹೆಸರು ಮಾತ್ರ ಎರಡು ಕಡೆ. ಒಂದು ಹೆಸರು ವಿನ್‌ಎಸ್‌ಎಕ್ಸ್‌ಎಸ್‌ನಲ್ಲಿ, ಇನ್ನೊಂದು ಸಿಸ್ಟಮ್ 32 ಅನ್ನುವ ವಿಂಡೋಸ್ ಫೋಲ್ಡರ್‌ನಲ್ಲಿ. ಇದಕ್ಕೆ ಹಾರ್ಡ್ ಲಿಂಕ್ ಅನ್ನುತ್ತಾರೆ. ಒಂದೇ ಕೋಣೆಗೆ ಎರಡು ಬಾಗಿಲು ಇದ್ದ ಹಾಗೆ. ಎಕ್ಸ್‌ಪ್ಲೋರರ್ ಬಾಗಿಲು ಎಣಿಸಿ ಎರಡು ಕೋಣೆ ಅನ್ನುತ್ತದೆ. ಆ ಫೋಲ್ಡರ್ ಕಿತ್ತರೆ ಮುಂದಿನ ಅಪ್‌ಡೇಟ್ ನಿಲ್ಲುತ್ತದೆ, ವಿಂಡೋಸ್ ಏಳದೇ ಇರಲೂಬಹುದು. ಅದರೊಳಗೆ ನಿಜಕ್ಕೂ ಬೇಡವಾದದ್ದನ್ನು ತೆಗೆಯುವ ಕೆಲಸವನ್ನು ಮೇಲೆ ಹೇಳಿದ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಮಾಡುತ್ತದೆ. ವಿಂಡೋಸ್ ಒಳಗಿನ ಇನ್‌ಸ್ಟಾಲರ್ ಫೋಲ್ಡರ್‌ಗೂ ಇದೇ ಮಾತು. ಅದು ಹೋದರೆ ಹಾಕಿಕೊಂಡ ಪ್ರೋಗ್ರಾಂಗಳನ್ನು ಅಪ್‌ಡೇಟ್ ಮಾಡುವುದಕ್ಕೂ ಆಗುವುದಿಲ್ಲ, ತೆಗೆಯುವುದಕ್ಕೂ ಆಗುವುದಿಲ್ಲ.

ಕ್ಲೀನರ್ ಬೇಡ. ಅವು ಮಾಡುವ ಉಪಯೋಗದ ಕೆಲಸವೆಲ್ಲ ಸ್ಟೋರೇಜ್ ಪುಟದಲ್ಲೇ ಇದೆ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ಕ್ಲೀನ್ ಮಾಡಿದರೆ ಸಿಗುವ ಜಾಗ ಲೆಕ್ಕಕ್ಕೇ ಬರುವುದಿಲ್ಲ, ಕೆಡುವ ಸಾಧ್ಯತೆ ಮಾತ್ರ ಇದ್ದೇ ಇರುತ್ತದೆ. ಡಿಫ್ರ್ಯಾಗ್, ಅಂದರೆ ಚದುರಿದ ಫೈಲ್ ತುಂಡುಗಳನ್ನು ಒಟ್ಟಿಗೆ ಜೋಡಿಸುವುದು, ಕೂಡ ಜಾಗ ಕೊಡುವುದಿಲ್ಲ, ಎಸ್‌ಎಸ್‌ಡಿಗೆ ಅದರ ಅಗತ್ಯವೂ ಇಲ್ಲ. ಫೋಟೋ, ವಿಡಿಯೋಗಳನ್ನು ಜಿಪ್ ಮಾಡುವುದೂ ವ್ಯರ್ಥ. ಜೆಪೆಗ್, ಎಂಪಿ4 ಮೊದಲೇ ಹಿಂಡಿಟ್ಟ ಬಟ್ಟೆ, ಇನ್ನೊಮ್ಮೆ ಹಿಂಡಿದರೆ ನೀರು ಬರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮ ಫೋಟೋ, ವಿಡಿಯೋಗಳೇ ಮುಖ್ಯ ಪಾಲು ಅಂತ ವಿಜ್‌ಟ್ರೀ ತೋರಿಸಿದರೆ ಅವನ್ನು ಹೊರಗಿನ ಡ್ರೈವ್‌ಗೆ ಸಾಗಿಸಿ. ಫೋನಿನ 4ಕೆ ವಿಡಿಯೋ ನಿಮಿಷಕ್ಕೆ ನೂರಾರು ಎಂಬಿ ಆಗುತ್ತದೆ, ಹಾಗಾಗಿ ವಿಡಿಯೋದಿಂದ ಶುರು ಮಾಡಿ. ಕಟ್ ಮಾಡಿ ಪೇಸ್ಟ್ ಮಾಡಬೇಡಿ. ನಡುವೆ ಕೇಬಲ್ ಅಲುಗಾಡಿದರೆ ಯಾವುದು ಅಲ್ಲಿಗೆ ಹೋಯಿತು, ಯಾವುದು ಇಲ್ಲೇ ಉಳಿಯಿತು ಅಂತ ಹುಡುಕುವುದು ನರಕ. ಕಾಪಿ ಮಾಡಿ. ಎರಡೂ ಫೋಲ್ಡರ್‌ಗಳ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಮತ್ತು ಗಾತ್ರ ಹೋಲಿಸಿ. ಡ್ರೈವ್ ಇಜೆಕ್ಟ್ ಮಾಡಿ, ಮತ್ತೆ ಸಿಕ್ಕಿಸಿ, ಅಲ್ಲೊಂದು ಇಲ್ಲೊಂದು ಫೋಟೋ ತೆರೆದು ನೋಡಿ. ಆಮೇಲೆ ಇಲ್ಲಿಂದ ಅಳಿಸಿ. ಮತ್ತೆ ಒಂದು ಮಾತು, ಹೊರಗಿನ ಡ್ರೈವ್‌ನಲ್ಲಿ ಮಾತ್ರ ಇರುವ ಫೋಟೋ ಬ್ಯಾಕಪ್ ಅಲ್ಲ, ಜಾಗ ಬದಲಿಸಿದ ಒಂಟಿ ಪ್ರತಿ ಅಷ್ಟೇ. ಆ ಡ್ರೈವ್ ಕೈತಪ್ಪಿ ಬಿದ್ದರೆ ಕಥೆ ಮುಗಿಯಿತು. ಇನ್ನೊಂದು ಪ್ರತಿ ಬೇರೆ ಡ್ರೈವ್‌ನಲ್ಲೋ ಕ್ಲೌಡ್‌ನಲ್ಲೋ ಇರಲೇಬೇಕು.

ಒನ್‌ಡ್ರೈವ್ ಬಳಸುತ್ತಿದ್ದರೆ ಇನ್ನೂ ಸುಲಭ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಫ್ರೀ ಅಪ್ ಸ್ಪೇಸ್ ಕೊಡಿ. ಫೈಲಿನ ಹೆಸರು ಇಲ್ಲೇ ಕಾಣುತ್ತಿರುತ್ತದೆ, ಒಳಗಿನದು ಕ್ಲೌಡ್‌ನಲ್ಲಿ ಇರುತ್ತದೆ, ತೆರೆದಾಗ ಇಳಿದು ಬರುತ್ತದೆ. ನೀಲಿ ಮೋಡದ ಗುರುತು ಕಂಡರೆ ಅದು ಇಲ್ಲಿ ಜಾಗ ತಿನ್ನುತ್ತಿಲ್ಲ ಅಂತ ಅರ್ಥ. ಡಿಲೀಟ್ ಮತ್ತು ಫ್ರೀ ಅಪ್ ಸ್ಪೇಸ್ ಒಂದೇ ಮೆನುವಿನಲ್ಲಿ ಇರುತ್ತವೆ, ಬೆರಳು ಎಲ್ಲಿಗೆ ಹೋಗುತ್ತಿದೆ ಅಂತ ನೋಡಿಕೊಳ್ಳಿ.

ಎಷ್ಟು ಜಾಗ ಖಾಲಿ ಇರಬೇಕು ಅಂತ ನೀವು ಕೇಳಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ. ಪಟ್ಟಿ ಕೆಂಪಾಗುವುದು ಶೇ. 10ಕ್ಕಿಂತ ಕಡಿಮೆ ಉಳಿದಾಗ. ನಾನು ಎಸ್‌ಎಸ್‌ಡಿಗೆ ಶೇ. 15ರಷ್ಟಾದರೂ ಬಿಡಿ ಅನ್ನುತ್ತೇನೆ, ನಿಮ್ಮ ಲೆಕ್ಕಕ್ಕೆ ಸುಮಾರು 35 ಜಿಬಿ. ಎಸ್‌ಎಸ್‌ಡಿ ಒಮ್ಮೆ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲಾರದು. ಮೊದಲು ಒರೆಸಬೇಕು, ಒರೆಸುವುದು ದೊಡ್ಡ ದೊಡ್ಡ ತುಂಡುಗಳಲ್ಲಿ. ಆ ತುಂಡಿನಲ್ಲಿ ಬೇಕಾದದ್ದೂ ಇದ್ದರೆ ಅದನ್ನು ಮೊದಲು ಬೇರೆ ಕಡೆ ಎತ್ತಿಡಬೇಕು. ಎತ್ತಿಡಲು ಖಾಲಿ ಜಾಗವೇ ಇಲ್ಲದಿದ್ದರೆ ಒಂದು ಸಣ್ಣ ಫೈಲ್ ಸೇವ್ ಮಾಡಲೂ ಡ್ರೈವ್ ಏದುಸಿರು ಬಿಡುತ್ತದೆ. ನಿಮ್ಮ ಲ್ಯಾಪ್‌ಟಾಪ್ ಇತ್ತೀಚೆಗೆ ನಿಧಾನವಾಗಿದ್ದರೆ ಇದೂ ಒಂದು ಕಾರಣ ಇರಬಹುದು.

ಜಾಗ ಸಿಕ್ಕಿದ ಮೇಲೆ ಸ್ಟೋರೇಜ್ ಪುಟದಲ್ಲೇ ಇರುವ ಸ್ಟೋರೇಜ್ ಸೆನ್ಸ್ ಆನ್ ಮಾಡಿ. ರೀಸೈಕಲ್ ಬಿನ್‌ಗೆ 30 ದಿನ ಕೊಡಿ, ಡೌನ್‌ಲೋಡ್ಸ್‌ಗೆ ನೆವರ್ ಅಂತಲೇ ಇಡಿ.

ಫಾರ್ಮ್ಯಾಟ್ ಈಗ ಬೇಡವೇ ಬೇಡ. ಏನು ತುಂಬಿದೆ ಅಂತ ತಿಳಿಯದೆ ಫಾರ್ಮ್ಯಾಟ್ ಮಾಡಿದರೆ ಅದೇ ಪ್ರೋಗ್ರಾಂಗಳು ಬಂದು ಮತ್ತೆ ಅಷ್ಟೇ ತುಂಬಿಸುತ್ತವೆ. ಎಲ್ಲ ನೋಡಿದ ಮೇಲೂ 238 ಜಿಬಿಯಲ್ಲಿ ಇರುವುದೆಲ್ಲ ನಿಮಗೆ ದಿನಾ ಬೇಕಾದದ್ದೇ ಆಗಿದ್ದರೆ ದೊಡ್ಡ ಎಸ್‌ಎಸ್‌ಡಿ ಹಾಕಿಸುವುದು ಸರಿಯಾದ ದಾರಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬೋರ್ಡಿಗೇ ಬೆಸೆದಿರುತ್ತದೆ, ಬದಲಿಸಲು ಆಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ.

ಇವತ್ತು ಬಿನ್‌ನಿಂದ ಫೋಟೋಗಳನ್ನು ವಾಪಸ್ ತಂದು, ವಿಜ್‌ಟ್ರೀ ತೋರಿಸುವ ಮೊದಲ ಹತ್ತು ಫೋಲ್ಡರ್‌ಗಳ ಹೆಸರು, ಗಾತ್ರ ಬರೆದು ಕಳಿಸಿ. ಯಾವುದಾದರೂ ಫೋಲ್ಡರ್ ಏನು ಅಂತ ಗೊತ್ತಾಗದಿದ್ದರೆ ಅಳಿಸಬೇಡಿ, ಅದನ್ನೂ ಕೇಳಿ.